ಗಣಿತಕ್ಕೂ ‘ಸ್ಯಾಂಪಲ್ ಸೈಜ್’ ಬೇಕಾ? ನಿಮ್ಮ ನಿಮ್ಮ ವಿಷಯದಲ್ಲಿ ಸಂಶೋಧನೆ ಅಂದ್ರೆ ಏನು, ಹೇಳಿ

ಓದುಗಿ ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಕನ್ನಡ ವ್ಯಾಕರಣದಲ್ಲಿ ಪಿಎಚ್‌ಡಿ ಮಾಡಬೇಕು ಅಂತ ಹೊರಟಿದ್ದೇನೆ. ವಿಷಯ ‘ಕೊಳ್ಳು’. ಮಾಡಿಕೊಂಡ, ನೋಡಿಕೊಂಡ, ಹೊಡೆದುಕೊಂಡ ಅಂತ ಕ್ರಿಯಾಪದದ ಹಿಂದೆ ಬಂದು ಸೇರುತ್ತಲ್ಲ, ಅದು. ‘ರಾಜು ತನ್ನನ್ನು ಹೊಗಳಿದ’ ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ. ಏನೋ ಸರಿಯಿಲ್ಲ ಅನ್ನಿಸುತ್ತೆ ಅಲ್ವಾ? ‘ರಾಜು ತನ್ನನ್ನು ಹೊಗಳಿಕೊಂಡ’ ಅಂದ ಕೂಡಲೇ ಸರಿಹೋಗುತ್ತೆ. ಮಾಡಿದ ಕೆಲಸ ಮಾಡಿದವನ ಮೇಲೇ ಬಂದರೆ ‘ಕೊಳ್ಳು’ ಸೇರಲೇಬೇಕು ಅನ್ನೋದು ನಾನು ಕಂಡುಕೊಂಡ ನಿಯಮ. ಯಾಕೆ ಸೇರಬೇಕು ಅಂತ ಹುಡುಕೋದು ನನ್ನ ಆಸೆ.

ಕಳೆದ ವಾರ ಸಿನಾಪ್ಸಿಸ್ ಒಪ್ಪಿಸಲು ಹೋದೆ. ಕಮಿಟಿಯ ಮೊದಲ ಪ್ರಶ್ನೆ: ‘ಡೇಟಾ ಎಲ್ಲಿ? ಎಷ್ಟು ಜನಕ್ಕೆ ಪ್ರಶ್ನಾವಳಿ ಕೊಡ್ತೀರಿ?’ ನಾನು ಹುಟ್ಟಿದಾಗಿನಿಂದ ಕನ್ನಡ ಮಾತಾಡುವವಳು, ನನ್ನ ಕಿವಿಯೇ ಮೊದಲ ಸಾಕ್ಷಿ ಅಂದೆ. ಒಪ್ಪಲಿಲ್ಲ. 200 ಜನರ ಸರ್ವೆ ಮಾಡಿ ತನ್ನಿ ಅಂದರು.

ಹೊರಗೆ ಬಂದರೆ ನನ್ನ ರೂಮ್‌ಮೇಟ್ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದಳು. ಅವಳದು ಶುದ್ಧ ಗಣಿತ, ನಂಬರ್ ಥಿಯರಿ. ಅವಳಿಗೂ ಅದೇ ಫಾರ್ಮ್. ‘ಅಧ್ಯಯನದ ಪ್ರದೇಶ’, ‘ಸ್ಯಾಂಪಲ್ ಸೈಜ್’, ‘ಮಾಹಿತಿ ಸಂಗ್ರಹದ ವಿಧಾನ’. ಖಾಲಿ ಬಿಟ್ಟಿದ್ದಕ್ಕೆ ವಾಪಸ್ ಕಳಿಸಿದ್ದಾರೆ. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಬರೆಯುವವಳು ಆ ಕಾಲಮ್‌ನಲ್ಲಿ ಏನು ತುಂಬಬೇಕು ಅಂತ ಯಾರೂ ಹೇಳಲಿಲ್ಲ.

ಸಂಶೋಧನೆ ಅಂದರೆ ಊರೂರು ಸುತ್ತಿ ಅಂಕಿಅಂಶ ತರುವುದು ಮಾತ್ರಾನಾ? ಕೂತು ಯೋಚಿಸಿ ಕಂಡುಕೊಂಡದ್ದಕ್ಕೆ ಬೆಲೆ ಇಲ್ವಾ? ನೀವು ಓದಿದ, ಕೆಲಸ ಮಾಡುವ ವಿಷಯದಲ್ಲಿ ಹೇಗಿದೆ ಅಂತ ತಿಳಿಯಬೇಕು.

ಬೆಣ್ಣೆದೋಸೆ ದಾವಣಗೆರೆ

ನಿಮ್ಮ ರೂಮ್‌ಮೇಟ್‌ಗೆ ಧೈರ್ಯ ಹೇಳಿ. ಇದು ಅವರ ತಪ್ಪಲ್ಲ, ಫಾರ್ಮ್‌ನ ತಪ್ಪು.

ಗಣಿತ ಮೇಷ್ಟ್ರು

ಮಗಳೇ, 31 ವರ್ಷ ಪಿಯು ಮಕ್ಕಳಿಗೆ ಗಣಿತ ಹೇಳಿಕೊಟ್ಟವನು ನಾನು. ಡೇಟಾ ಯಾಕೆ ಪುರಾವೆ ಆಗೋದಿಲ್ಲ ಅನ್ನೋದಕ್ಕೆ ಪ್ರತಿ ವರ್ಷ ಒಂದು ಲೆಕ್ಕ ಮಾಡಿಸುತ್ತಿದ್ದೆ. ಪೆನ್ನು ಹಿಡಿದು ನೀವೂ ಮಾಡಿ.

ಒಂದು ಸಂಖ್ಯೆ ತಗೊಳ್ಳಿ. ಅದರ ವರ್ಗಕ್ಕೆ ಅದನ್ನೇ ಕೂಡಿಸಿ, ಮೇಲೆ 41 ಸೇರಿಸಿ. 0 ಹಾಕಿದರೆ 41. 1 ಹಾಕಿದರೆ 43. 2 ಹಾಕಿದರೆ 47. 3 ಹಾಕಿದರೆ 53. ಎಲ್ಲವೂ ಅವಿಭಾಜ್ಯ. ಮಕ್ಕಳು ಹತ್ತರವರೆಗೆ ಹೋಗಿ ‘ಯಾವಾಗಲೂ ಬರುತ್ತೆ ಸರ್’ ಅಂತಾರೆ. ಇಪ್ಪತ್ತಾಯ್ತು, ಮೂವತ್ತಾಯ್ತು, 39ರವರೆಗೂ ತಪ್ಪೋದಿಲ್ಲ. ಸತತ 40 ಸಲ ಸರಿ. 40 ಹಾಕಿದಾಗ 1681 ಬರುತ್ತೆ. ಅದು 41 ಗುಣಿಸು 41. ಅಲ್ಲಿಗೆ ಮುಗೀತು.

ಇದಕ್ಕಿಂತ ದೊಡ್ಡದೊಂದಿದೆ. ನಾಲ್ಕು ಐದನೇ ಘಾತಗಳನ್ನು (ಐದನೇ ಘಾತ ಅಂದರೆ ಒಂದೇ ಸಂಖ್ಯೆಯನ್ನು ಐದು ಸಲ ಬರೆದು ಗುಣಿಸಿದ್ದು) ಕೂಡಿದರೆ ಇನ್ನೊಂದು ಐದನೇ ಘಾತ ಸಿಗೋದಿಲ್ಲ ಅಂತ ಆಯ್ಲರ್ 1769ರಲ್ಲಿ ಊಹಿಸಿದ್ದ. ಅಂಥ ಮಹಾನುಭಾವನ ಮಾತು, ಸುಮಾರು 200 ವರ್ಷ ನಿಂತಿತು. 1966ರಲ್ಲಿ ಲ್ಯಾಂಡರ್, ಪಾರ್ಕಿನ್ ಅನ್ನೋ ಇಬ್ಬರು ಕಂಪ್ಯೂಟರ್ ಹಾಕಿ ಹುಡುಕಿಸಿದರು. 27, 84, 110, 133 ಈ ನಾಲ್ಕರ ಐದನೇ ಘಾತ ಕೂಡಿದರೆ 144ರ ಐದನೇ ಘಾತ! ಅವರ ಪ್ರಬಂಧದಲ್ಲಿದ್ದದ್ದು ಎರಡೇ ವಾಕ್ಯ.

ಗಣಿತದಲ್ಲಿ ಕೋಟಿ ಉದಾಹರಣೆ ಇದ್ದರೂ ಸಾಧನೆ, ಅಂದರೆ ಪ್ರೂಫ್, ಬೇಕು. ಆದರೆ ಕೆಡವೋದಕ್ಕೆ ಒಂದೇ ಉದಾಹರಣೆ ಸಾಕು.

ಲ್ಯಾಬ್ ಕಿರಣ

ಮೇಷ್ಟ್ರೇ, ನಮಸ್ಕಾರ. ಗಣಿತದ ಮಾತು ಒಪ್ಪಿದೆ. ಆದರೆ ಓದುಗಿ ಮೇಡಂ ಮಾಡುತ್ತಿರೋದು ಗಣಿತ ಅಲ್ಲ. ಭಾಷೆ ಜನರ ಬಾಯಲ್ಲಿರುವ ವಸ್ತು. ‘ನನ್ನ ಕಿವಿಯೇ ಸಾಕ್ಷಿ’ ಅಂದರೆ ನಾನು ಕಮಿಟಿಯಲ್ಲಿದ್ದರೂ ಒಪ್ಪುತ್ತಿರಲಿಲ್ಲ.

ನಾನು ಜೀವಶಾಸ್ತ್ರದವನು. ನಮ್ಮಲ್ಲಿ ನಮ್ಮ ಕಣ್ಣನ್ನೇ ನಾವು ನಂಬೋದಿಲ್ಲ. ಯಾವ ತಟ್ಟೆಗೆ ಔಷಧಿ ಹಾಕಿದೆ, ಯಾವುದಕ್ಕೆ ಬರೀ ನೀರು ಅಂತ ಎಣಿಸುವವನಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತೆ.

ವಿಯೆನ್ನಾದ ಡಾಕ್ಟರ್ ಸೆಮ್ಮೆಲ್‌ವೈಸ್ ಕತೆ ಗೊತ್ತಲ್ವಾ? ಒಂದೇ ಆಸ್ಪತ್ರೆ, ಎರಡು ಹೆರಿಗೆ ವಾರ್ಡು. ಡಾಕ್ಟರುಗಳು ನೋಡುವ ವಾರ್ಡಿನಲ್ಲಿ ಬಾಣಂತಿಯರು ಜಾಸ್ತಿ ಸಾಯುತ್ತಿದ್ದರು, ಸೂಲಗಿತ್ತಿಯರ ವಾರ್ಡಿನಲ್ಲಿ ಕಡಿಮೆ. ಡಾಕ್ಟರುಗಳು ಹೆಣ ಕೊಯ್ದು ಅದೇ ಕೈಯಲ್ಲಿ ಹೆರಿಗೆಗೆ ಬರುತ್ತಿದ್ದರು. 1847ರಲ್ಲಿ ಆತ ಎಲ್ಲರಿಗೂ ಕ್ಲೋರಿನ್ ನೀರಲ್ಲಿ ಕೈ ತೊಳೆಸಿದ. ಸಾವು ಇಳಿದೇಬಿಟ್ಟಿತು. ಥಿಯರಿ ಇರಲಿಲ್ಲ, ಎಣಿಕೆ ಇತ್ತು. ಜೀವ ಉಳಿಸಿದ್ದು ಎಣಿಕೆ.

ದೂರದ ಕನ್ನಡಿಗ

ಕಿರಣ್ ಅವರೇ, ಆ ಕತೆಯ ಇನ್ನರ್ಧ ಹೇಳಲಿಲ್ಲ ನೀವು. ಆ ಎಣಿಕೆಯನ್ನು ಆಗಿನ ದೊಡ್ಡ ಡಾಕ್ಟರುಗಳಲ್ಲಿ ಹೆಚ್ಚಿನವರು ನಂಬಲಿಲ್ಲ. ಕೈಗೆ ಅಂಟಿದ ಕಾಣದ ವಸ್ತು ಒಬ್ಬರನ್ನು ಹೇಗೆ ಕೊಲ್ಲುತ್ತೆ ಅಂತ ವಿವರಿಸುವ ಸಿದ್ಧಾಂತ ಆತನ ಹತ್ತಿರ ಇರಲಿಲ್ಲ. ಅವನು 1865ರಲ್ಲಿ ತೀರಿಕೊಂಡ. ಪಾಶ್ಚರ್, ಕಾಕ್ ರೋಗಾಣುಗಳ ವಿಚಾರವನ್ನು ಗಟ್ಟಿ ಮಾಡಿದ ಮೇಲೆ ಜಗತ್ತು ಕೈ ತೊಳೆಯಿತು. ಥಿಯರಿ ಮೊದಲೇ ಇದ್ದಿದ್ದರೆ ಎಷ್ಟು ತಾಯಂದಿರು ಉಳಿಯುತ್ತಿದ್ದರೋ ಯೋಚಿಸಿ.

ಲ್ಯಾಬ್ ಕಿರಣ

ಥಿಯರಿಗಾಗಿ ಕಾದು ಕೂತವರೇ ತಪ್ಪು ಮಾಡಿದ್ದು ಅಂತ ನಾನು ಹೇಳೋದು. ನೀವು ಅದನ್ನೇ ತಿರುಗಿಸಿ ಹೇಳುತ್ತಿದ್ದೀರಿ.

ತೋಟದ ಮನೆ ಶೃಂಗೇರಿ

ನಾನು ಅಡಿಕೆ ಬೆಳೆಗಾರ. ನಿಮ್ಮ ಹಾಗೆ ಓದಿದವನಲ್ಲ, ಬಿಎಸ್ಸಿ ಎರಡನೇ ವರ್ಷಕ್ಕೆ ಬಿಟ್ಟೆ. ಆದರೆ ಈ ಜಗಳ ನಮ್ಮ ತೋಟದಲ್ಲೇ ಇದೆ, ಹಾಗಾಗಿ ಬರೆಯುತ್ತೇನೆ.

ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವಲ್ಲ, ಅದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲಿ ಅಂತ ಅಲ್ಲಿನ ರೈತರು ರಸ್ತೆ ಪಕ್ಕದ ಬಳ್ಳಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಕಲಸಿ ಬಳಿಯುತ್ತಿದ್ದರು. ನೋಡೋಕೆ ವಿಷದ ಹಾಗೆ ಕಾಣಲಿ ಅಂತ ಅಷ್ಟೇ. ಮಿಲ್ಲಾರ್ಡೆ ಅನ್ನುವ ಸಸ್ಯವಿಜ್ಞಾನಿ ಅಲ್ಲಿ ಹಾದುಹೋಗುವಾಗ ನೋಡಿದ: ರಸ್ತೆ ಪಕ್ಕದ ಬಳ್ಳಿ ಹಸಿರಾಗಿದೆ, ಒಳಗಿನವು ರೋಗ ಬಂದು ಉದುರಿವೆ. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಆಮೇಲೆ ನಮ್ಮ ಮೈಸೂರು ಸೀಮೆಗೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆಯ ಬೂಷ್ಟನ್ನು ಅಭ್ಯಾಸ ಮಾಡಿ, ಅದಕ್ಕೂ ಇದೇ ಮದ್ದು ಅಂತ 1910ರ ಹೊತ್ತಿಗೆ ತೋರಿಸಿಕೊಟ್ಟರು. ಅದಕ್ಕೂ ಮೊದಲು ನಮ್ಮ ಹಿರಿಯರು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಪ್ಪಿಸುತ್ತಿದ್ದರು.

ಈಗ ಕೇಳಿ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಪುಸ್ತಕದ ಅಳತೆ ಇಷ್ಟು. ಆದರೆ ಎಲ್ಲ ಸುಣ್ಣವೂ ಒಂದೇ ಥರ ಇರೋದಿಲ್ಲ. ಅಪ್ಪ ಡ್ರಮ್ಮಿನ ಮುಂದೆ ಕೂತು ಉಜ್ಜಿ ತೊಳೆದ ಕತ್ತಿಯನ್ನು ದ್ರಾವಣಕ್ಕೆ ಅದ್ದುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಅಲಗಿನ ಮೇಲೆ ಕೆಂಪು ಕೂತಿದ್ದರೆ ‘ಇನ್ನೂ ಸುಣ್ಣ ಹಾಕು’ ಅನ್ನೋರು. ಕತ್ತಿ ಹೇಗೆ ಹೋಗಿತ್ತೋ ಹಾಗೇ ಬಂದರೆ ಪಂಪು ಶುರು. ನಾನು ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದುವಾಗ ಗೊತ್ತಾಯ್ತು, ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತೆ ಅಂತ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರಿಗೆ ಎಷ್ಟು ಸಂತೋಷ ಆಯ್ತು ಅಂದರೆ, ‘ಹಾಗಾದ್ರೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ಯಾಕೆ ಕಲಸಬಾರದು ಅನ್ನೋದೂ ಇದರಿಂದಲೇ ತಿಳೀತು’ ಅಂದರು. ಎಂದೂ ಶಾಲೆಯಲ್ಲಿ ಕೇಳದ ಪ್ರಶ್ನೆಗೆ ಥಿಯರಿಯಿಂದ ಉತ್ತರ ತೆಗೆದರು ನನ್ನ ಅಪ್ಪ.

ಬೆಣ್ಣೆದೋಸೆ ದಾವಣಗೆರೆ

ಶೃಂಗೇರಿ ಅಣ್ಣ, ನಿಮ್ಮ ಅಪ್ಪನ ಮಾತು ಓದಿ ಮೈ ಜುಮ್ ಅಂತು.

ಕಳಸದ ಹುಡುಗ

ಅಣ್ಣ, ಈ ಸಲ ಎರಡನೇ ಸಲದ ಔಷಧಿ ಆಯ್ತಾ? ನಮ್ಮಲ್ಲಿ ಮಳೆ ಬಿಡ್ತಾನೇ ಇಲ್ಲ. ಗೊನೆಗಾರರೂ ಸಿಗ್ತಿಲ್ಲ.

ತೋಟದ ಮನೆ ಶೃಂಗೇರಿ

ಇಲ್ಲ ಮಾರಾಯ, ಒಂದೇ ಆಗಿದ್ದು. ಮೆಸೇಜ್ ಮಾಡು, ಇಲ್ಲಿ ಬೇಡ, ಚರ್ಚೆ ಬೇರೆ ಕಡೆ ಹೋಗುತ್ತೆ.

ವೀಣೆಯ ಮನೆ

ನಾನು ಸಂಗೀತದವಳು. ನಮ್ಮಲ್ಲಿ ಈ ಪ್ರಶ್ನೆಗೆ ಮೊದಲಿಂದಲೂ ಎರಡು ಚೆಂದದ ಶಬ್ದಗಳಿವೆ: ಲಕ್ಷ್ಯ, ಲಕ್ಷಣ. ಹಾಡುವವರು ನಿಜವಾಗಿ ಹಾಡುತ್ತಿರುವುದು ಲಕ್ಷ್ಯ. ಅದಕ್ಕೆ ಶಾಸ್ತ್ರ ಬರೆದ ನಿಯಮ ಲಕ್ಷಣ. ನನ್ನ ಗುರುಗಳು ‘ಲಕ್ಷ್ಯ ಬಿಟ್ಟ ಲಕ್ಷಣ ಒಣಗುತ್ತೆ’ ಅನ್ನುತ್ತಿದ್ದರು. ನಾನು ಅದನ್ನು ಪೂರ್ತಿ ಒಪ್ಪೋದಿಲ್ಲ, ಯಾಕೆ ಅಂತ ಹೇಳುತ್ತೇನೆ.

17ನೇ ಶತಮಾನದಲ್ಲಿ ತಂಜಾವೂರಿನಲ್ಲಿದ್ದ ವೆಂಕಟಮಖಿ 72 ಮೇಳಗಳ, ಅಂದರೆ ರಾಗಗಳಿಗೆ ಮೂಲವಾದ ಸ್ವರಗುಂಪುಗಳ, ಲೆಕ್ಕ ಹಾಕಿದರು. ಅವರ ತಂದೆ ಗೋವಿಂದ ದೀಕ್ಷಿತರು ಕನ್ನಡ ಮನೆತನದವರು. ಲೆಕ್ಕ ಸರಳ. ಸ ಮತ್ತು ಪ ಬದಲಾಗೋದಿಲ್ಲ. ರಿ-ಗ ಜೋಡಿ ಆರು ಥರ ಬರಬಹುದು. ಧ-ನಿ ಜೋಡಿಯೂ ಆರು ಥರ. ಆರು ಆರಲ 36. ಮ ಎರಡು ಥರ: ಶುದ್ಧ ಮಧ್ಯಮಕ್ಕೆ ಒಂದು 36, ಪ್ರತಿ ಮಧ್ಯಮಕ್ಕೆ ಒಂದು 36. ಒಟ್ಟು 72. ಅವರ ಕಾಲದಲ್ಲಿ ಬಳಕೆಯಲ್ಲಿದ್ದವು ಅಂತ ಅವರೇ ಹೇಳಿದ್ದು 19 ಮಾತ್ರ! ಉಳಿದ 53 ಯಾರ ಬಾಯಲ್ಲೂ ಇರಲಿಲ್ಲ. ಆವತ್ತು ಒಂದು ಕಮಿಟಿ ಕೂತು ‘ಇದಕ್ಕೆ ಡೇಟಾ ಎಲ್ಲಿ’ ಅಂದಿದ್ದರೆ ಅವರ ಹತ್ತಿರ ಉತ್ತರ ಇರುತ್ತಿರಲಿಲ್ಲ. ಆ ಖಾಲಿ ಮನೆಗಳಿಗೆ ಆಮೇಲೆ ವಾಗ್ಗೇಯಕಾರರು ಜೀವ ತುಂಬಿದರು.

ಉತ್ತರದ ಹಿಂದೂಸ್ತಾನಿ ಸಂಗೀತದಲ್ಲಿ ಭಾತಖಂಡೆ ಮಾಡಿದ್ದು ತದ್ವಿರುದ್ಧ. ಊರೂರು ತಿರುಗಿ, ಉಸ್ತಾದರ ಮನೆ ಬಾಗಿಲು ತಟ್ಟಿ, ಬಂದಿಶ್‌ಗಳನ್ನು ಬರೆದುಕೊಂಡರು. ಹಾಡುತ್ತಿರೋದನ್ನು ನೋಡಿ ಹತ್ತು ಥಾಟ್‌ಗಳಾಗಿ ಜೋಡಿಸಿದರು. ಅದರಲ್ಲಿ ಕೂರದ ರಾಗಗಳಿವೆ ಅಂತ ಇವತ್ತಿಗೂ ವಾದ ಇದೆ. ಅದು ನಿಜವೇ. ಆದರೆ ಅವರು ಬರೆದಿಡದಿದ್ದರೆ ಎಷ್ಟೋ ರಚನೆಗಳು ಆ ಉಸ್ತಾದರ ಜೊತೆಗೇ ಹೋಗಿರುತ್ತಿದ್ದವು.

ಗಮಕಿ

72ರಲ್ಲಿ 40 ವಿವಾದಿ ಮೇಳಗಳು. ಕಿವಿಗೆ ಹಿತ ಅಲ್ಲ ಅಂತ ದೊಡ್ಡ ದೊಡ್ಡ ವಿದ್ವಾಂಸರೇ ಹಾಡುತ್ತಿರಲಿಲ್ಲ. ಲೆಕ್ಕಕ್ಕೆ ಸಿಕ್ಕಿದ್ದೆಲ್ಲ ಸಂಗೀತ ಆಗುತ್ತಾ? ಕಾಗದದ ಮೇಲೆ ಹುಟ್ಟಿಸಿದ್ದಕ್ಕೆ ಸುಮ್ನೆ ಜೀವ ಬರೋದಿಲ್ಲ.

ವೀಣೆಯ ಮನೆ

ವಿವಾದಿ ಆದರೂ ನಾಟ ಹಾಡದೆ ಎಷ್ಟು ಕಛೇರಿ ಶುರುವಾಗುತ್ತೆ ಹೇಳಿ ನೋಡೋಣ. ಅದು 36ನೇ ಮೇಳದ್ದು.

ಗಮಕಿ

ನಾಟ ಹಳೇ ರಾಗ, ಕೋಷ್ಟಕಕ್ಕಿಂತ ಮೊದಲೇ ಇತ್ತು. ಅದು ನನ್ನ ಪರ ಸಾಕ್ಷಿ! ಆದರೆ ಮಾತು ಒಪ್ಪಿದೆ, ವಿವಾದಿ ಅಂತ ತಳ್ಳಿಹಾಕೋದು ತಪ್ಪು.

ಸಮಾಜದ ಪಾಠ

ಸಮಾಜಶಾಸ್ತ್ರ ಮೇಷ್ಟ್ರು ನಾನು. ಡೇಟಾ ಪರ ಬಲವಾಗಿ ನಿಲ್ಲುತ್ತೇನೆ, ಕಾರಣ ಎಂ.ಎನ್. ಶ್ರೀನಿವಾಸ್.

ಅವರು ಮೈಸೂರಿನವರು. ಆಗ ಜಾತಿ ಬಗ್ಗೆ ಬರೆಯುವವರು ಹಳೇ ಗ್ರಂಥಗಳನ್ನು ತೆಗೆದು ನಾಲ್ಕು ವರ್ಣ, ಅದರ ಮೆಟ್ಟಿಲು ಅಂತ ಬರೆದು ಮುಗಿಸುತ್ತಿದ್ದರು. ಶ್ರೀನಿವಾಸ್ ಅದನ್ನು ಪುಸ್ತಕದ ನೋಟ ಅಂತ ಕರೆದು, ನಮಗೆ ಬೇಕಾದ್ದು ಕ್ಷೇತ್ರದ ನೋಟ ಅಂದರು. 1948ರಲ್ಲಿ ಮೈಸೂರು ಹತ್ತಿರದ ಒಂದು ಹಳ್ಳಿಗೆ ಹೋಗಿ ಉಳಿದರು. ಅದನ್ನು ರಾಂಪುರ ಅಂತ ಕರೆದಿದ್ದಾರೆ. ಅಲ್ಲಿ ನೋಡಿದರೆ ಗ್ರಂಥದ ಮೆಟ್ಟಿಲಲ್ಲಿ ಮೇಲಿರುವವರ ಮಾತು ನಡೆಯುತ್ತಿಲ್ಲ. ಹೊಲ ಯಾರದ್ದು, ಜನ ಯಾರ ಕಡೆ ಜಾಸ್ತಿ, ಅವರ ಮಾತೇ ಊರಿನ ಮಾತು. ‘ಪ್ರಬಲ ಜಾತಿ’ ಅನ್ನೋ ಕಲ್ಪನೆ ಬಂದಿದ್ದು ಹೀಗೆ, ಜಗಲಿ ಮೇಲೆ ಕೂತು ನ್ಯಾಯ ಪಂಚಾಯ್ತಿ ನೋಡಿ. ಗ್ರಂಥಾಲಯದಲ್ಲಿ ಕೂತಿದ್ದರೆ ಎಂದಿಗೂ ಬರುತ್ತಿರಲಿಲ್ಲ.

ದೂರದ ಕನ್ನಡಿಗ

ಸರ್, ಅದೇ ಶ್ರೀನಿವಾಸರ ಬದುಕಿನ ಇನ್ನೊಂದು ಘಟನೆ ಹೇಳಿ. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಅವರ ಕೋಣೆಗೆ ಯಾರೋ ಬೆಂಕಿ ಹಚ್ಚಿದರಲ್ಲ. 18 ವರ್ಷ ಸಂಸ್ಕರಿಸಿ ಇಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿ ಹೋದವು. ಆಮೇಲೆ ಮುಖ್ಯವಾಗಿ ನೆನಪಿನ ಮೇಲೇ ಬರೆದ ಪುಸ್ತಕ 1976ರಲ್ಲಿ ಬಂತು. ಅವರ ಪುಸ್ತಕಗಳಲ್ಲಿ ಜನ ಹೆಚ್ಚು ಪ್ರೀತಿಯಿಂದ ಓದುವುದು ಅದನ್ನೇ. ಟಿಪ್ಪಣಿ ಸುಟ್ಟರೂ ಉಳಿದದ್ದು ಯೋಚನೆ ಅಲ್ವಾ?

ಸಮಾಜದ ಪಾಠ

ಉಳಿದದ್ದು ಬರೀ ಯೋಚನೆ ಅಲ್ಲಪ್ಪ. ಅಲ್ಲಿ ಉಂಡು, ಮಲಗಿ, ಜಗಳ ನೋಡಿ ಬಂದಿದ್ದರಿಂದ ನೆನಪು ಉಳೀತು. ಊರಿಗೇ ಹೋಗದವನಿಗೆ ನೆನಪು ಎಲ್ಲಿಂದ ಬರುತ್ತೆ?

ಇನ್ನೊಂದು ಮಾತು, ಇದು ನೋವಿನಿಂದ ಹೇಳೋದು. ಎಲ್ಲರಿಗೂ ಸರ್ವೆ ಕಡ್ಡಾಯ ಮಾಡಿದರೆ ಏನಾಗುತ್ತೆ ಅಂತ ಕಣ್ಣಾರೆ ನೋಡಿದ್ದೇನೆ. ನಾನು ಎಂಎ ಓದುವಾಗ ಹಾಸ್ಟೆಲ್‌ನಲ್ಲಿ ಮೂರು ಜನ ಒಂದೇ ರಾತ್ರಿ 60 ಪ್ರಶ್ನಾವಳಿ ತುಂಬಿದರು. ಬೇರೆ ಬೇರೆ ಪೆನ್ನು, ಎಡಗೈಯಲ್ಲಿ ಒಂದಷ್ಟು. ‘ಉತ್ತರದಾತರ ವಯಸ್ಸು’ ಅಂತ ಇದ್ದ ಕಡೆ ಒಬ್ಬ ಕ್ಯಾಲೆಂಡರ್ ನೋಡಿ ನೋಡಿ ಸಂಖ್ಯೆ ಹಾಕುತ್ತಿದ್ದ. ಆ ಪ್ರಬಂಧ ಪಾಸಾಯ್ತು. ನಾನು ಆವತ್ತು ಬಾಯಿ ಬಿಡಲಿಲ್ಲ, ಇವತ್ತಿಗೂ ಅದು ಚುಚ್ಚುತ್ತೆ. ಪ್ರಶ್ನೆಗೆ ಬೇಡದ ಡೇಟಾ ಕೇಳಿದರೆ ಸುಳ್ಳು ಡೇಟಾ ಬರುತ್ತೆ.

ಅಂಕಿಸಂಖ್ಯೆ

ಇದನ್ನು ಓದಿ ಬರೆಯದೆ ಇರಲಾಗಲಿಲ್ಲ. ನನ್ನ ಕೆಲಸವೇ ಸ್ಯಾಂಪಲ್ ಸರ್ವೆ. 200 ಅನ್ನೋ ಸಂಖ್ಯೆ ಎಲ್ಲಿಂದ ಬಂತು? ಯಾವ 200 ಜನ? ಅದೇ ಕಾಲೇಜಿನ ಹುಡುಗರು 200 ಜನ ಆದರೆ ನಿಮಗೆ ಸಿಗೋದು ಆ ಕಾಲೇಜಿನ ಕನ್ನಡ.

1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಸುಮಾರು ಒಂದು ಕೋಟಿ ಜನಕ್ಕೆ ಚೀಟಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಲ್ಯಾಂಡನ್ ಗೆಲ್ಲುತ್ತಾನೆ ಅಂತ ಬರೆದರು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದ. ವಿಳಾಸ ತೆಗೆದದ್ದು ಹೆಚ್ಚಾಗಿ ಫೋನ್ ಪುಸ್ತಕ, ಕಾರು ನೋಂದಣಿ ಪಟ್ಟಿಗಳಿಂದ. ಆ ಕಷ್ಟದ ಕಾಲದಲ್ಲಿ ಫೋನು, ಕಾರು ಇದ್ದವರು ಯಾರು ಹೇಳಿ? ಲಕ್ಷ ಲಕ್ಷ ಉತ್ತರ ಇದ್ದೂ ತಪ್ಪು.

ಓದುಗಿ ಅವರೇ, ಕಮಿಟಿಗೆ ಇದನ್ನೇ ಕೇಳಿ: ನನ್ನ ಪ್ರಶ್ನೆಗೆ 200 ಜನ ಏನು ಹೇಳಬಲ್ಲರು? ‘ಹೊಗಳಿದ, ಹೊಗಳಿಕೊಂಡ’ ಇದರಲ್ಲಿ 197 ಜನ ಒಂದೇ ಕಡೆ ಬಂದರೆ 10 ಜನ ಸಾಕಿತ್ತು. ಉತ್ತರ ಒಡೆದುಹೋಗುವ ಕಡೆ ಮಾತ್ರ ಜಾಸ್ತಿ ಜನ ಬೇಕು. ಅಲ್ಲೂ ಜಿಲ್ಲೆ, ವಯಸ್ಸು ನೋಡಿ ಆರಿಸಬೇಕು.

ಗಣಿತ ಮೇಷ್ಟ್ರು

ಒಂದು ತಿದ್ದುಪಡಿ ನನ್ನ ಮಾತಿಗೇ. ಗಣಿತದಲ್ಲಿ ಡೇಟಾಕ್ಕೆ ಜಾಗವೇ ಇಲ್ಲ ಅನ್ನೋ ಅರ್ಥ ಬಂದಿದ್ದರೆ ಅದು ಸರಿಯಲ್ಲ.

ನಮ್ಮ ರಾಮಾನುಜನ್ ಕೆಲಸವನ್ನೇ ನೋಡಿ. ಒಂದು ಸಂಖ್ಯೆಯನ್ನು ಎಷ್ಟು ಥರ ಒಡೆಯಬಹುದು ಅನ್ನೋ ಪ್ರಶ್ನೆ. 4 ತಗೊಳ್ಳಿ: 4, 3+1, 2+2, 2+1+1, 1+1+1+1. ಐದು ಥರ. ಸಂಖ್ಯೆ ದೊಡ್ಡದಾದ ಹಾಗೆ ಎಣಿಕೆ ಕೈಗೆ ಸಿಗೋದಿಲ್ಲ. ರಾಮಾನುಜನ್, ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ ಇಬ್ಬರೂ ಸೇರಿ ಸೂತ್ರ ಕಟ್ಟಿದರು, 1918ರಲ್ಲಿ ಪ್ರಬಂಧ ಬಂತು. ಸೂತ್ರ ಎಷ್ಟು ನಿಖರ ಅಂತ ಅವರಿಗೆ ತಿಳಿಯಬೇಕಿತ್ತು. ಆಗ ಮ್ಯಾಕ್‌ಮೋಹನ್ ಅನ್ನೋರು 200ರವರೆಗೆ ಕೈಯಲ್ಲೇ ಲೆಕ್ಕ ಮಾಡಿ ಪಟ್ಟಿ ಕೊಟ್ಟರು. 200ಕ್ಕೆ ಉತ್ತರ 3,97,29,99,029,388, ಅಂದರೆ ಸುಮಾರು ನಾಲ್ಕು ಲಕ್ಷ ಕೋಟಿ. ಸೂತ್ರ ಅದಕ್ಕೆ ಹೊಂದಿತು. ಸಾಧನೆ ಬೇರೆ, ಆದರೆ ದಾರಿ ಸರಿ ಇದೆ ಅನ್ನೋ ಧೈರ್ಯ ಬಂದಿದ್ದು ಆ ಪಟ್ಟಿಯಿಂದ.

ನಿಮ್ಮ ರೂಮ್‌ಮೇಟ್ ‘ಮಾಹಿತಿ ಸಂಗ್ರಹ’ ಕಾಲಮ್‌ನಲ್ಲಿ ‘ಅನ್ವಯಿಸುವುದಿಲ್ಲ, ವಿಧಾನ: ಸಾಧನೆ’ ಅಂತ ಬರೆದು, ಜೊತೆಗೆ ಗೈಡ್ ಕೈಯಿಂದ ಒಂದು ಪತ್ರ ಇಡಲಿ. ನಾನು ನೋಡಿದ ಒಂದೆರಡು ಕಡೆ ಹಾಗೆ ಒಪ್ಪಿದ್ದಾರೆ.

ಅಂಕಿಸಂಖ್ಯೆ

ಮೇಷ್ಟ್ರೇ, ಅಲ್ಪವಿರಾಮ ತಪ್ಪಿದೆ. 39,72,99,90,29,388 ಆಗಬೇಕು. ಸಂಖ್ಯೆ ಸರಿಯಾಗಿದೆ.

ಗಣಿತ ಮೇಷ್ಟ್ರು

ಹೌದು, ತಿದ್ದಿದ್ದಕ್ಕೆ ಧನ್ಯವಾದ.

ಹೊಸಬ ಮಂಡ್ಯ

ಈ ಶುದ್ಧ ಗಣಿತದಿಂದ ಯಾರಿಗೆ ಉಪಯೋಗ? ತೆರಿಗೆ ದುಡ್ಡಲ್ಲಿ ಫೆಲೋಶಿಪ್ ಕೊಡೋದು.

ಗಣಿತ ಮೇಷ್ಟ್ರು

ತಮ್ಮಾ, ಹಾರ್ಡಿ ಕೂಡ ತನ್ನ ಗಣಿತದಿಂದ ಯಾರಿಗೂ ಉಪಯೋಗ ಇಲ್ಲ ಅಂತಲೇ ಬರೆದಿದ್ದ, ಅದನ್ನೇ ಹೆಮ್ಮೆ ಅಂದುಕೊಂಡಿದ್ದ. ಅವನು ಪ್ರೀತಿಸಿದ ನಂಬರ್ ಥಿಯರಿ 1977ರಲ್ಲಿ ಆರ್‌ಎಸ್‌ಎ ಅನ್ನೋ ಬೀಗ ಆಯ್ತು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆ ಗುಣಿಸೋದು ಸುಲಭ, ಗುಣಲಬ್ಧ ಕೊಟ್ಟು ವಾಪಸ್ ಒಡೆಯೋದು ಬಲು ಕಷ್ಟ. ಇಂಟರ್ನೆಟ್‌ನಲ್ಲಿ ನಮ್ಮ ಗುಟ್ಟು ಕಾಯುವ ಬೀಗಗಳಲ್ಲಿ ಇದೂ ಒಂದು. ಫೆಲೋಶಿಪ್ ದುಡ್ಡು ವ್ಯರ್ಥ ಆಗಿಲ್ಲ.

ದೂರದ ಕನ್ನಡಿಗ

ಓದುಗಿ ಅಕ್ಕ, ಈಗ ನಿಮ್ಮ ವಿಷಯಕ್ಕೇ ಬರುತ್ತೇನೆ. ನಾನೂ ಭಾಷಾಶಾಸ್ತ್ರದ ವಿದ್ಯಾರ್ಥಿ. ಕಮಿಟಿಗೆ ಎರಡು ಮಾತು ಹೇಳಿ.

ಜನರ ಮಾತನ್ನು ಎಷ್ಟೇ ರೆಕಾರ್ಡ್ ಮಾಡಿದರೂ, ಯಾರೂ ಹೇಳದ ವಾಕ್ಯ ಅದರಲ್ಲಿ ಸಿಗೋದಿಲ್ಲ. ಅದು ಆಗದ ವಾಕ್ಯವೋ ಅಥವಾ ಆವತ್ತು ಯಾರಿಗೂ ಹೇಳುವ ಸಂದರ್ಭ ಬರಲಿಲ್ಲವೋ ಅಂತ ರೆಕಾರ್ಡಿಂಗ್ ತಿಳಿಸೋದಿಲ್ಲ. ಅದಕ್ಕೇ ‘ಇದು ಕನ್ನಡ ಆಗುತ್ತಾ?’ ಅಂತ ಕಿವಿಯನ್ನೇ ಕೇಳಬೇಕು. ಹಾಗಾಗಿ ನಿಮ್ಮ ಕಿವಿ ಡೇಟಾನೇ.

ಎರಡನೆಯದು ಕಹಿ. ಒಂದು ವಾಕ್ಯವನ್ನು ಐವತ್ತು ಸಲ ಹೇಳಿಕೊಂಡರೆ ಯಾವುದಾದರೂ ಸರಿ ಅನ್ನಿಸತೊಡಗುತ್ತೆ. ನಿಮ್ಮ ನಿಯಮದ ಮೇಲೆ ನಿಮಗೆ ಪ್ರೀತಿ ಇದೆ, ಕಿವಿಗೆ ಅದು ಗೊತ್ತು. ಇಲ್ಲಿ ಕಿರಣ್ ಹೇಳಿದ್ದು ಸರಿ.

ಥಿಯರಿಯ ಬಲ ಇರೋದು ಮುಂದಿನದನ್ನು ಹೇಳೋದರಲ್ಲಿ. ನಿಮ್ಮ ನಿಯಮದ ಪ್ರಕಾರ ಮಾಡುವವನು ಬೇರೆ ಆದರೆ ‘ಕೊಳ್ಳು’ ಬೇಡ. ನೋಡಿ: ‘ತನ್ನನ್ನು ಸೀತಾ ಹೊಗಳಿದಳು ಅಂತ ರಾಜು ಹೇಳಿದ.’ ಇಲ್ಲಿ ‘ತನ್ನನ್ನು’ ಅಂದರೆ ರಾಜುವನ್ನು, ಹೊಗಳಿದ್ದು ಸೀತಾ. ‘ಕೊಳ್ಳು’ ಇಲ್ಲದೆ ಎಷ್ಟು ಸಲೀಸಾಗಿದೆ! ನಿಯಮ ಗೆದ್ದಿತು. ಇಂಥ ವಾಕ್ಯ ಊಹಿಸಿ, ಆಮೇಲೆ ಜನರ ಹತ್ತಿರ ಹೋಗಿ.

ಹಳೆಗನ್ನಡ ಪ್ರೇಮಿ

ಕೇಶಿರಾಜ 13ನೇ ಶತಮಾನದಲ್ಲೇ ಮಾಡಿದ್ದು ಇದನ್ನೇ ಅಲ್ವಾ. ಶಬ್ದಮಣಿದರ್ಪಣ ತೆರೆದರೆ ಸೂತ್ರ, ಅದರ ಕೆಳಗೆ ಪ್ರಯೋಗ. ಹಿಂದಿನ ಕವಿಗಳ ಸಾಲು ತಂದು ಪಕ್ಕದಲ್ಲಿ ಇಡುತ್ತಾನೆ. ಲಕ್ಷ್ಯ ಇಲ್ಲದೆ ಲಕ್ಷಣ ಹೇಳಲಿಲ್ಲ ಅವನು. ವೀಣೆಯ ಮನೆಯವರ ಶಬ್ದಗಳು ವ್ಯಾಕರಣದಲ್ಲೂ ಇವೆ.

ಹುಬ್ಬಳ್ಳಿ ಮಂದಿ

ನಮ್ಮ ಕಡೆ ‘ತನ್ನ ತಾನ ಹೊಗಳ್ಕೋತಾನ’ ಅಂತೀವ್ರಿ. ‘ಹೊಗಳ್ತಾನ’ ಅಂದ್ರ ಬ್ಯಾರೆದವರನ್ನ. ನಿಮ್ಮ ನಿಯಮ ಇಲ್ಲೀತನಾ ಬರ್ತೈತಿ.

ಓದುಗಿ ಹಾಸನ

ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಪ್ರತಿಯೊಂದನ್ನೂ ಎರಡೆರಡು ಸಲ ಓದಿದೆ. ಮೇಷ್ಟ್ರ ಸಲಹೆಯನ್ನು ರೂಮ್‌ಮೇಟ್‌ಗೆ ತೋರಿಸಿದೆ, ನಾಳೆ ಗೈಡ್ ಹತ್ತಿರ ಹೋಗುತ್ತಾಳೆ. ಹುಬ್ಬಳ್ಳಿಯವರೇ, ನಿಮ್ಮ ವಾಕ್ಯ ಬರೆದಿಟ್ಟುಕೊಂಡೆ.

ಸುಮಾ ಅಡುಗೆಮನೆ

ನಾನು ಮನೆಯಲ್ಲಿರೋಳು, ಓದು ಡಿಗ್ರಿವರೆಗೆ ಅಷ್ಟೇ. ತಪ್ಪಿದ್ದರೆ ಹೇಳಿ. ನಿಮ್ಮ ನಿಯಮವನ್ನು ಬೆಳಿಗ್ಗೆ ದೋಸೆ ಹುಯ್ಯುತ್ತಾ ಯೋಚಿಸುತ್ತಿದ್ದೆ. ರೇಡಿಯೋದಲ್ಲಿ ಒಬ್ಬರು ಹಾಡುಗಾರರ ಬಗ್ಗೆ ಹೇಳುತ್ತಿದ್ದರು: ‘ಹಾಡುತ್ತಾ ಹಾಡುತ್ತಾ ಅವರು ತಮ್ಮನ್ನೇ ತಾವು ಮರೆತರು.’ ಇಲ್ಲಿ ‘ಕೊಳ್ಳು’ ಇಲ್ಲ. ‘ಮರೆತುಕೊಂಡರು’ ಅಂತ ಯಾರೂ ಅನ್ನೋದಿಲ್ಲ. ಮರೆತದ್ದು ಅವರು, ಮರೆತದ್ದು ತಮ್ಮನ್ನೇ. ಹಾಗಾದರೆ ‘ಸೇರಲೇಬೇಕು’ ಅನ್ನೋದು ಹೇಗೆ?

ದೂರದ ಕನ್ನಡಿಗ

ಅಬ್ಬಾ. 144ರ ಐದನೇ ಘಾತ ಸಿಕ್ಕಿತು.

ಲ್ಯಾಬ್ ಕಿರಣ

ಸುಮಾ ಅವರೇ, ತಪ್ಪೇನೂ ಇಲ್ಲ. ಇದು ನಿಜವಾದ ಸಂಶೋಧನೆ. 200 ಜನರ ಸರ್ವೆಯಲ್ಲಿ ‘ಹೊಗಳು’ ಮಾತ್ರ ಕೇಳಿದ್ದರೆ ಇದು ಬರುತ್ತಲೇ ಇರಲಿಲ್ಲ. ಡೇಟಾ ಪರ ಇರುವ ನಾನೇ ಹೇಳುತ್ತಿದ್ದೇನೆ, ಏನು ಕೇಳಬೇಕು ಅಂತ ಮೊದಲು ಯೋಚಿಸಬೇಕು.

ಓದುಗಿ ಹಾಸನ

ಸುಮಾ ಅಕ್ಕ, ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಎಂಟು ತಿಂಗಳಿಂದ ‘ಕೊಳ್ಳು’ ಹಿಂದೆ ಬಿದ್ದಿದ್ದೇನೆ, ‘ಮರೆ’ ನನಗೆ ಹೊಳೆದಿರಲಿಲ್ಲ. ಮೊದಲು ಅದು ‘ತಾನು’ ಎರಡು ಸಲ ಬಂದಿದ್ದರಿಂದ ಇರಬಹುದು ಅಂದುಕೊಂಡೆ. ಆದರೆ ‘ರಾಜು ತನ್ನನ್ನು ತಾನು ಹೊಡೆದ’ ಅಂದರೆ ನನ್ನ ಕಿವಿಗೆ ಇನ್ನೂ ಸಮಾಧಾನ ಇಲ್ಲ, ‘ಹೊಡೆದುಕೊಂಡ’ ಅನ್ನಲೇಬೇಕು ಅನ್ನಿಸುತ್ತೆ. ಹಾಗಾದರೆ ವಿಷಯ ಇರೋದು ಕ್ರಿಯಾಪದದಲ್ಲಿ. ‘ಮರೆ’ ಥರದ್ದು ಇನ್ನೂ ಇವೆಯಾ? ನಿಮ್ಮ ಮನೆಯಲ್ಲಿ, ಬಸ್ಸಲ್ಲಿ, ಹೊಲದಲ್ಲಿ ಕೇಳಿದ್ದು ಬರೆಯಿರಿ. ಊರಿನ ಹೆಸರು ಹಾಕಿ. ಇದನ್ನೇ ಸಿನಾಪ್ಸಿಸ್‌ನ ಮೊದಲ ಪುಟ ಮಾಡುತ್ತೇನೆ.

ಹಳೆಗನ್ನಡ ಪ್ರೇಮಿ

‘ಅರಿ’. ತನ್ನನ್ನು ತಾನು ಅರಿತವನು. ‘ಅರಿತುಕೊಂಡವನು’ ಅಂತಲೂ ಅನ್ನಬಹುದು, ಆದರೆ ಬೇಕೇ ಬೇಕು ಅಂತಿಲ್ಲ. ಊರು ತಿಪಟೂರು.

ವೀಣೆಯ ಮನೆ

ಮರೆಯೋದು, ಅರಿಯೋದು ಎರಡೂ ಮನಸ್ಸಿನ ಕೆಲಸ. ಹೊಡೆಯೋದು ಕೈಯದು, ಹೊಗಳೋದು ಬಾಯದು. ಇದನ್ನು ನೋಡಿ.

ಗಮಕಿ

‘ಬೈ’ ಬಾಯದೇ, ‘ತನ್ನನ್ನು ತಾನೇ ಬೈದುಕೊಂಡ’. ಹೊಂದುತ್ತೆ. ‘ದ್ವೇಷಿಸು’ ಮನಸ್ಸಿನದು, ಆದರೆ ನನಗೆ ‘ದ್ವೇಷಿಸಿಕೊಂಡ’ ಅಂದರೇನೇ ಹಿತ ಅನ್ನಿಸುತ್ತೆ. ಇಲ್ಲಿ ಒಡೆಯುತ್ತೋ ಏನೋ. ಇದನ್ನು ಜಾಸ್ತಿ ಜನರನ್ನು ಕೇಳಿ. ಊರು ಮೈಸೂರು.

ಅಂಕಿಸಂಖ್ಯೆ

ಹೌದು, ಪ್ರಶ್ನಾವಳಿ ಬೇಕಾದ್ದು ‘ದ್ವೇಷಿಸು’ಗೆ. ಹಾಳೆ ತಯಾರು ಮಾಡುವಾಗ ಹೇಳಿ, ಪ್ರಶ್ನೆಗಳ ಕ್ರಮ ಹೇಗಿರಬೇಕು ಅಂತ ಕೂತು ನೋಡೋಣ.

ತೋಟದ ಮನೆ ಶೃಂಗೇರಿ

ಅಮ್ಮನನ್ನು ಕೇಳಿದೆ, 74 ವರ್ಷ. ಮಧ್ಯದಲ್ಲಿ ಏನೂ ಹೇಳದೆ ಬರೀ ಕ್ರಿಯಾಪದ ಕೊಟ್ಟು ವಾಕ್ಯ ಮಾಡು ಅಂದೆ. ‘ನಂಬು’ ಅಂದಾಗ ಅವರು ಹೇಳಿದ್ದು: ‘ತನ್ನನ್ನ ತಾನು ನಂಬಿದವನಿಗೆ ಹೆದರಿಕೆ ಇಲ್ಲೆ.’ ಬರೆದುಕೊಳ್ಳಿ ತಂಗಿ, ಊರು ಶೃಂಗೇರಿ.